ಜೋಮು ಹಿಡಿಯುವ ಕೈ: ಕತ್ತರಿಸುವುದು ನರವನ್ನಲ್ಲ

ರಾತ್ರಿ ಎರಡು ಗಂಟೆಯ ಹೊತ್ತಿಗೆ ಎಚ್ಚರಗೊಂಡು, ಹಾಸಿಗೆಯ ಮೇಲೆ ಕುಳಿತು ಬಲಗೈಯನ್ನು ಕೊಡವುವುದು ನನ್ನ ಹಿರಿಯಕ್ಕನಿಗೆ ಮೂರು ವರ್ಷ ಅಭ್ಯಾಸವೇ ಆಗಿಹೋಗಿತ್ತು. ಜ್ವರಮಾಪಕದ ಪಾದರಸವನ್ನು ಇಳಿಸುವುದಕ್ಕೆ ಹಿಂದೆ ದಾದಿಯರು ಹೇಗೆ ಕೊಡವುತ್ತಿದ್ದರೋ ಹಾಗೆ. ನಾಲ್ಕು ಸಲ ಕೊಡವಿದರೆ ಬೆರಳುಗಳಿಗೆ ಜೀವ ಬರುತ್ತಿತ್ತು, ಮತ್ತೆ ಮಲಗುತ್ತಿದ್ದಳು. ಹಗಲಿನಲ್ಲಿ ಚಾಲಿ ಅಡಿಕೆ ಸುಲಿಯುವಾಗಲೂ ತೆಂಗಿನಕಾಯಿ ತುರಿಯುವಾಗಲೂ ಅದೇ ಜೋಮು, ಅದೇ ಉರಿ. ವಯಸ್ಸಾಯಿತು, ವಾಯುವಿನ ತೊಂದರೆ ಎಂದರು ಕೆಲವರು. ಎಣ್ಣೆ ತಿಕ್ಕಿದ್ದಾಯಿತು. ಒಬ್ಬ ವೈದ್ಯರು ನರಕ್ಕೆ ಶಕ್ತಿ ಬರಲೆಂದು ವಿಟಮಿನ್ ಸೂಜಿಮದ್ದನ್ನು ಒಂದು ವರ್ಷ ಕೊಟ್ಟರು. ಆ ಕೈಯನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ. ನಾಲ್ಕನೆಯ ವರ್ಷದಲ್ಲಿ ನೋವು ತಾನಾಗಿ ಕಡಮೆಯಾಯಿತು. ಮನೆಯವರೆಲ್ಲರೂ ಸಂತೋಷಪಟ್ಟೆವು. ಆ ಸಂತೋಷ ತಪ್ಪೆಂದು ತಿಳಿದದ್ದು, ಒಂದು ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಿದ್ದವಳು, "ಹೂವು ಬೆರಳಿನಲ್ಲಿ ಉಂಟೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ತಿಳಿಯಬೇಕಾಗಿದೆ ನೋಡು" ಎಂದು ನನ್ನೊಡನೆ ಹೇಳಿದಾಗ.

ಮಂಗಳೂರಿನ ವೈದ್ಯರೊಬ್ಬರು ಕೈಯನ್ನು ನೋಡಿದೊಡನೆಯೇ ಹೆಬ್ಬೆರಳಿನ ಬುಡದ ಮಾಂಸದ ದಿಬ್ಬ ತಗ್ಗಿಹೋಗಿರುವುದನ್ನು ತೋರಿಸಿ, ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅಕ್ಕ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ನನ್ನನ್ನು ಕೇಳಿದಳು: "ನರ ಕಡಿದ ಮೇಲೆ ಕೈ ಬಿದ್ದುಹೋದರೆ ನೀನು ದಿನಾ ಬಂದು ಅನ್ನ ಕಲಸಿ ಕೊಡುವಿಯೋ?" ಭಾವನಿಗೂ ಅದೇ ಭಯ. ಈ ಮಾತಿಗೆ ಉತ್ತರ ಹುಡುಕುವ ಸಲುವಾಗಿ ನಾನು ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಇದೇ ಭಯವನ್ನು ನಮ್ಮ ಕಡೆಯ ಬೀಡಿ ಕಟ್ಟುವ ಹೆಂಗಸರಲ್ಲಿಯೂ ರಬ್ಬರ್ ಟ್ಯಾಪಿಂಗ್ ಮಾಡುವವರಲ್ಲಿಯೂ ಆಮೇಲೆ ಕಂಡಿದ್ದೇನೆ.

ಭಯದ ಅರ್ಧ ಭಾಗ ಶಬ್ದದಲ್ಲಿದೆ. ಕನ್ನಡದಲ್ಲಿ ನಾವು 'ನರ' ಎನ್ನುವುದು ಒಂದು ವಸ್ತುವನ್ನಲ್ಲ. ಸಿಟ್ಟು ಬಂದಾಗ ಕುತ್ತಿಗೆಯಲ್ಲಿ ಉಬ್ಬುವ ರಕ್ತನಾಳವೂ ನರ. ಬೆರಳನ್ನು ಮಡಚುವಾಗ ಮಣಿಕಟ್ಟಿನಲ್ಲಿ ಎದ್ದು ಕಾಣುವ, ಹಗ್ಗದಂತಹ ಸ್ನಾಯುರಜ್ಜುವೂ ನರ. ಮೆದುಳಿಗೂ ಬೆರಳಿಗೂ ಸುದ್ದಿ ಒಯ್ಯುವ ತಂತಿಯೂ ನರ. ಮಲೆಯಾಳದ 'ಞರಂಬ್' ಎಂಬ ಮಾತಿಗೂ ಇದೇ ಅವಸ್ಥೆ. ಆದುದರಿಂದ ಗಡಿಯ ಈಚೆ ಹೋದರೂ ಆಚೆ ಹೋದರೂ ಗೊಂದಲ ಹೋಗುವುದಿಲ್ಲ. ಈ ಲೇಖನದಲ್ಲಿ ನರವೆಂದರೆ ಮೂರನೆಯದು ಮಾತ್ರ, ಸುದ್ದಿ ಒಯ್ಯುವ ತಂತಿ. 'ನರದ ಆಪರೇಷನ್' ಎಂದು ಎಲ್ಲರೂ ಹೇಳುವ ಈ ಚಿಕಿತ್ಸೆಯಲ್ಲಿ ಆ ನರವನ್ನು ಕತ್ತರಿಸುವುದಿಲ್ಲ. ಹಾಗಾದರೆ ಏನನ್ನು ಕತ್ತರಿಸುತ್ತಾರೆ?

ಅಂಗೈಯ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಚಿಕ್ಕ ಎಲುಬುಗಳು ಸೇರಿ ಒಂದು ತೊಟ್ಟಿಯ ಆಕಾರವಾಗಿವೆ. ಆ ತೊಟ್ಟಿಯ ಮೇಲೆ ಅಡ್ಡಲಾಗಿ ಒಂದು ಗಟ್ಟಿಯಾದ ಪಟ್ಟಿ, ಮಾಡಿನಂತೆ, ಬಿಗಿದುಕೊಂಡಿದೆ. ಕೆಳಗೆ ಎಲುಬು, ಮೇಲೆ ಪಟ್ಟಿ. ನಡುವಿನ ಈ ಸುರಂಗಕ್ಕೆ ವೈದ್ಯರು ಕಾರ್ಪಲ್ ಟನಲ್ ಎನ್ನುತ್ತಾರೆ. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ, ಅವುಗಳ ಜೊತೆಗೆ ಮೀಡಿಯನ್ ಎಂಬ ಒಂದು ನರವೂ ಇದರೊಳಗಿಂದ ಹಾದು ಅಂಗೈಗೆ ಹೋಗುತ್ತವೆ. ಎಲುಬು ಹಿಗ್ಗದು, ಪಟ್ಟಿಯೂ ಹಿಗ್ಗದು. ರಜ್ಜುಗಳ ಹೊದಿಕೆ ದಪ್ಪವಾದರೂ ಸುರಂಗದಲ್ಲಿ ನೀರು ತುಂಬಿ ಬಾತರೂ ಒತ್ತಡವೆಲ್ಲ ಒಳಗಿರುವವುಗಳಲ್ಲಿ ಮೆತ್ತನೆಯದಾದ ನರದ ಮೇಲೆಯೇ ಬೀಳುತ್ತದೆ. ಕತ್ತರಿಸುವುದು ಆ ಮಾಡಿನಂತಹ ಪಟ್ಟಿಯನ್ನು. ಒತ್ತಡ ಇಳಿದು ನರಕ್ಕೆ ಜಾಗ ಸಿಗುತ್ತದೆ. ಕತ್ತರಿಸಿದ ಪಟ್ಟಿ ಮುಂದೆ ಸ್ವಲ್ಪ ಸಡಿಲವಾಗಿ ತಾನೇ ಕೂಡಿಕೊಳ್ಳುತ್ತದೆ.

ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗಕ್ಕೆ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಹೆಬ್ಬೆರಳನ್ನು ಅಂಗೈಯಿಂದ ಮೇಲಕ್ಕೆತ್ತುವ ಮಾಂಸಖಂಡವೂ ಅದರ ಅಧೀನದಲ್ಲಿದೆ. ಕಿರುಬೆರಳು ಅದಕ್ಕೆ ಸೇರಿಲ್ಲ. ವೈದ್ಯರಲ್ಲಿಗೆ ಹೋದಾಗ "ಕೈಯೆಲ್ಲ ಜೋಮು" ಎಂದು ಹೇಳುವುದು ನಮ್ಮ ರೂಢಿ. ಅದಕ್ಕೆ ಬದಲಾಗಿ, ಜೋಮು ಹಿಡಿದ ಹೊತ್ತಿನಲ್ಲಿಯೇ ಯಾವ ಯಾವ ಬೆರಳು ಎಂಬುದನ್ನು ಒಂದು ಕಾಗದದಲ್ಲಿ ಕೈಯ ಚಿತ್ರ ಬರೆದು ಗುರುತಿಸಿ ಇಟ್ಟರೆ, ಆ ಕಾಗದ ಎಷ್ಟೋ ಪರೀಕ್ಷೆಗಳಿಗೆ ಸಮ.

ಕಿರುಬೆರಳೂ ಉಂಗುರಬೆರಳಿನ ಹೊರ ಅರ್ಧವೂ ಮಾತ್ರ ಜೋಮು ಹಿಡಿಯುತ್ತಿದ್ದರೆ ಸಂಶಯ ಮೊಣಕೈಯ ಮೇಲೆ. ಮೊಣಕೈಯ ಒಳಬದಿಯ ಗಂಟು ಬಾಗಿಲಿಗೆ ತಾಗಿದಾಗ ಕರೆಂಟು ಹೊಡೆದಂತೆ ಆಗುವುದು ಎಲ್ಲರ ಅನುಭವ. ತಾಗಿದ್ದು ಎಲುಬಲ್ಲ, ಅದರ ಹಿಂದಿನ ಸಂದಿಯಲ್ಲಿ ಹಾದುಹೋಗುವ ಅಲ್ನಾರ್ ಎಂಬ ನರ. ಮೊಣಕೈಯನ್ನು ಮಡಚಿದಾಗ ಈ ನರ ಎಳೆಯಲ್ಪಡುತ್ತದೆ, ಅದು ಹೋಗುವ ದಾರಿಯೂ ಇಕ್ಕಟ್ಟಾಗುತ್ತದೆ. ತಲೆಯ ಕೆಳಗೆ ಕೈ ಮಡಚಿ ಮಲಗುವವರು, ಫೋನನ್ನು ಗಂಟೆಗಟ್ಟಲೆ ಕಿವಿಗೆ ಹಿಡಿಯುವವರು, ಮೇಜಿನ ಅಂಚಿಗೆ ಮೊಣಕೈ ಊರಿ ಕುಳಿತುಕೊಳ್ಳುವವರು ಎಲ್ಲರೂ ಅದನ್ನು ಹಿಂಸಿಸುವವರೇ. ನಾನು ಕೊನೆಯ ಪಂಗಡಕ್ಕೆ ಸೇರಿದವನು. ಉತ್ತರಪತ್ರಿಕೆಗಳ ಕಂತೆ ಮುಂದಿಟ್ಟುಕೊಂಡು ಎಡಮೊಣಕೈಯನ್ನು ಊರಿ ಕುಳಿತದ್ದರ ಫಲವಾಗಿ ನನ್ನ ಎಡಗೈಯ ಕಿರುಬೆರಳು ಒಂದು ವರ್ಷ ಬೇರೆಯವರ ಬೆರಳಿನಂತೆ ಇತ್ತು. ಊರುವುದನ್ನು ಬಿಟ್ಟೆ, ರಾತ್ರಿ ಮೊಣಕೈ ಮಡಚದಂತೆ ದಪ್ಪ ಟವೆಲನ್ನು ಸುತ್ತಿ ಕಟ್ಟಿ ಮಲಗಿದೆ. ನಾಲ್ಕು ತಿಂಗಳಲ್ಲಿ ಸರಿಯಾಯಿತು. ಅಕ್ಕನ ಮನೆಯಲ್ಲಿ ಇದರಿಂದ ನನಗೆ ಮರ್ಯಾದೆ ಕಡಮೆಯಾಯಿತೇ ಹೊರತು ಹೆಚ್ಚಲಿಲ್ಲ. "ನಿನಗೆ ಟವೆಲು, ನನಗೆ ಕತ್ತಿಯೋ?" ಎಂದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರಿಗೆ ಟವೆಲು ಸಾಕಾಗಿ ಇನ್ನೊಬ್ಬರಿಗೆ ಶಸ್ತ್ರಚಿಕಿತ್ಸೆ ಏಕೆ ಬೇಕು ಎಂಬುದನ್ನು ನೋವಿನ ಪ್ರಮಾಣ ನಿರ್ಧರಿಸುವುದಿಲ್ಲ, ನರದ ಸ್ಥಿತಿ ನಿರ್ಧರಿಸುತ್ತದೆ. ನರವೆಂದರೆ ಸಾವಿರಾರು ಸೂಕ್ಷ್ಮ ಎಳೆಗಳ ಒಂದು ಕಟ್ಟು. ಅನೇಕ ಎಳೆಗಳ ಮೇಲೆ ವಿದ್ಯುತ್ ತಂತಿಯ ಹೊದಿಕೆಯಂತಹ ಒಂದು ಪದರವಿದೆ. ಒತ್ತಡ ಬಿದ್ದಾಗ ಮೊದಲು ನರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಜೋಮು ಬರುತ್ತದೆ, ಕೊಡವಿದರೆ ಹೋಗುತ್ತದೆ. ನಿದ್ರೆಯಲ್ಲಿ ಮಣಿಕಟ್ಟು ನಮಗೆ ತಿಳಿಯದಂತೆ ಮಡಚಿಕೊಂಡಿರುವುದರಿಂದ ರಾತ್ರಿಯ ತೊಂದರೆ ಹೆಚ್ಚು. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಹೊದಿಕೆ ಕೆಡುತ್ತದೆ. ಈ ಹಂತದಲ್ಲಿ ಒತ್ತಡ ತೆಗೆದರೆ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಹೊದಿಕೆ ಪುನಃ ಬೆಳೆಯುತ್ತದೆ. ಇನ್ನೂ ಬಿಟ್ಟರೆ ಎಳೆಗಳೇ ಸಾಯತೊಡಗುತ್ತವೆ. ಆಗ ಮಾಂಸಖಂಡ ಸೊರಗುತ್ತದೆ; ಸುದ್ದಿ ಒಯ್ಯುವವನೇ ಇಲ್ಲವಾದಾಗ ನೋವಿನ ಸುದ್ದಿಯೂ ಬರುವುದಿಲ್ಲ. ಅಕ್ಕನ ನೋವು ನಾಲ್ಕನೆಯ ವರ್ಷದಲ್ಲಿ ಇಳಿದದ್ದು ಹೀಗೆ. ಜೋಮು ಹೋಗಿ ಸ್ಪರ್ಶ ಮರಳಿದರೆ ಅದು ಗುಣ. ನೋವು ಹೋಗಿ ಬೆರಳು ಮರದ ತುಂಡಿನಂತಾದರೆ ಅದು ಗುಣವಲ್ಲ.

ಸತ್ತ ಎಳೆಗಳು ಪುನಃ ಬೆಳೆಯುವುದುಂಟು, ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನ ವೇಗದಲ್ಲಿ. ಇದರ ಲೆಕ್ಕವನ್ನು ಶಾಲೆಯ ಹುಡುಗರೂ ಮಾಡಬಲ್ಲರು. ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡಕ್ಕೆ ಐದಾರು ಸೆಂಟಿಮೀಟರು; ಎರಡು ತಿಂಗಳು. ಮೊಣಕೈಯಿಂದ ಕೈಯ ಸಣ್ಣ ಮಾಂಸಖಂಡಗಳಿಗೆ 30 ಸೆಂಟಿಮೀಟರು ಎಂದಿಟ್ಟುಕೊಂಡರೆ 300 ದಿನ. ನರದ ಸಂಪರ್ಕವಿಲ್ಲದೆ ಒಂದು ಒಂದೂವರೆ ವರ್ಷ ಕಳೆದ ಮಾಂಸಖಂಡ, ನರ ತಲಪಿದರೂ ಚೇತರಿಸಿಕೊಳ್ಳುವುದು ಕಷ್ಟ. ಮೊಣಕೈಯ ತೊಂದರೆಯಲ್ಲಿ ಮಾಂಸ ಕರಗಲು ಸುರುವಾದ ಮೇಲೆ ಕಾಯುತ್ತ ಕುಳಿತುಕೊಳ್ಳಬಾರದೆಂದು ವೈದ್ಯರು ಒತ್ತಾಯಿಸುವುದು ಈ ಲೆಕ್ಕದಿಂದ.

ಒತ್ತಡಕ್ಕೆ ಕಾರಣಗಳು ಹಲವು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಮಧುಮೇಹ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಕೀಲುಗಳ ಉರಿಯೂತ, ಸ್ಥೂಲಕಾಯ, ಹಿಂದೆ ಮಣಿಕಟ್ಟಿನ ಎಲುಬು ಮುರಿದದ್ದು, ಇವೆಲ್ಲ ದಾರಿ ಮಾಡಿಕೊಡುತ್ತವೆ. ಬಲ ಹಾಕಿ ಮಣಿಕಟ್ಟನ್ನು ಮತ್ತೆ ಮತ್ತೆ ಮಡಚುವ ಕೆಲಸ, ಅದುರುವ ಯಂತ್ರ ಹಿಡಿಯುವ ಕೆಲಸ ಮಾಡುವವರಲ್ಲಿಯೂ ಹೆಚ್ಚಾಗಿ ಕಾಣುತ್ತದೆ. ಗರ್ಭಿಣಿಯರಿಗೆ ಬರುವ ಜೋಮು ಬಹುಮಟ್ಟಿಗೆ ಹೆರಿಗೆಯ ನಂತರ ತಾನಾಗಿ ಇಳಿಯುತ್ತದೆ, ಅವಸರಪಡಬೇಕಾಗಿಲ್ಲ.

ಆದರೆ ಜೋಮು ಹಿಡಿದ ಕೈಯೆಲ್ಲ ಮಣಿಕಟ್ಟಿನ ಕೈಯಲ್ಲ. ಕತ್ತಿನ ಎಲುಬಿನ ಬಳಿ ನರದ ಬೇರಿಗೆ ಒತ್ತಡವಿದ್ದರೆ ನೋವು ಕುತ್ತಿಗೆಯಿಂದ ಹೊರಟು ಇಳಿಯುತ್ತದೆ. ಬಹುಕಾಲದ ಮಧುಮೇಹದಲ್ಲಿ ಸಾಮಾನ್ಯವಾಗಿ ಪಾದಗಳು ಮೊದಲು ಮರಗಟ್ಟುತ್ತವೆ. ಒಂದು ಕೈ ಥಟ್ಟನೆ ಸೋತು ಬಾಯಿ ಓರೆಯಾಗಿ ಮಾತು ತೊದಲಿದರೆ ಅದು ಮೆದುಳಿನ ಆಘಾತ. ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಕಾರಣವನ್ನು ಹೇಳುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ, ಅದನ್ನು ಬಿಡಿಸಿಯೇ ಹೇಳುತ್ತೇನೆ: ಕುಷ್ಠರೋಗ. ಅದರ ಜೀವಾಣು ನರದೊಳಗೇ ನೆಲೆಸುತ್ತದೆ, ಮುಖ್ಯವಾಗಿ ಮೊಣಕೈಯ ಅಲ್ನಾರ್ ನರದಲ್ಲಿ. ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಗುತ್ತದೆ. ಮೈಯಲ್ಲಿ ಎಲ್ಲಿಯಾದರೂ ಸ್ಪರ್ಶವಿಲ್ಲದ ಮಂಕಾದ ಮಚ್ಚೆ ಇರಬಹುದು. ರಾಷ್ಟ್ರಮಟ್ಟದಲ್ಲಿ ಈ ರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರಲ್ಲಿ ಹೇಳಲಾಯಿತಾದರೂ ಹೊಸ ರೋಗಿಗಳು ಇಲ್ಲವೆಂದು ಅದರ ಅರ್ಥವಲ್ಲ. ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗ ಪೂರ್ತಿ ಗುಣವಾಗುತ್ತದೆ. ಕಿರುಬೆರಳು ಮರಗಟ್ಟಿದವರು ವೈದ್ಯರೊಡನೆ "ಆ ರೋಗವೇನಾದರೂ ಇರಬಹುದೇ?" ಎಂದು ಬಾಯಿಬಿಟ್ಟು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬಾಗಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಾಯಿಸಿ ನೇರ ಮಾಡುವ ಶಸ್ತ್ರಚಿಕಿತ್ಸೆಯನ್ನು ಡಾಕ್ಟರ್ ಪಾಲ್ ಬ್ರಾಂಡ್ ಅವರು 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಇಂತಹ ರೋಗಿಗಳಿಗಾಗಿಯೇ ರೂಪಿಸಿದರು.

ಪರೀಕ್ಷೆಗಳಲ್ಲಿ ಕೆಲವು ಬಹಳ ಸರಳ. ಎರಡೂ ಕೈಗಳ ಹಿಂಬದಿಗಳನ್ನು ಪರಸ್ಪರ ತಾಗಿಸಿ ಮಣಿಕಟ್ಟುಗಳನ್ನು ಒಂದು ನಿಮಿಷ ಮಡಚಿ ಹಿಡಿದಾಗ ಜೋಮು ಬರುತ್ತದೆಯೇ ಎಂದು ನೋಡುವುದು ಅಮೆರಿಕದ ಡಾಕ್ಟರ್ ಫಲೆನ್ ಅವರ ಹೆಸರಿನಲ್ಲಿದೆ. ಮೊಣಕೈಯ ನರಕ್ಕೆ ಇನ್ನೊಂದು: ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಒಂದು ಕಾಗದವನ್ನು ಹಿಡಿಸಿ ಎಳೆಯುತ್ತಾರೆ, ನರ ಸೋತಿದ್ದರೆ ಹೆಬ್ಬೆರಳ ತುದಿ ಮಡಚಿಕೊಳ್ಳುತ್ತದೆ. ಬೇಕಾದಲ್ಲಿ ನರದ ಮೇಲೆ ಸಣ್ಣ ವಿದ್ಯುತ್ ಮಿಡಿತವನ್ನು ಹಾಯಿಸಿ, ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆಂದು ಅಳೆಯುವ ಯಂತ್ರಪರೀಕ್ಷೆ ಇದೆ. ಸ್ವಲ್ಪ ಚುರುಗುಟ್ಟುತ್ತದೆ, ಅಪಾಯವಿಲ್ಲ. ತೊಂದರೆ ಲಘುವಾಗಿರುವ ಕೆಲವರಲ್ಲಿ ಇದರ ಫಲಿತಾಂಶ ಸರಿಯಾಗಿಯೇ ಬರುವುದುಂಟು. ಆದುದರಿಂದ ಯಂತ್ರದ ಕಾಗದ ಒಂದನ್ನೇ ನೋಡಿ ಶಸ್ತ್ರಚಿಕಿತ್ಸೆಗೆ ಹೂಂ ಅನ್ನಲೂ ಬಾರದು, ಉಹೂಂ ಅನ್ನಲೂ ಬಾರದು.

ಜೋಮು ಬಂದು ಹೋಗುವ ಹಂತದಲ್ಲಿದ್ದರೆ ಮೊದಲ ಮದ್ದು ಮಣಿಕಟ್ಟಿನ ಪಟ್ಟಿ. ಅದನ್ನು ರಾತ್ರಿ ಕಟ್ಟಿಕೊಂಡು ಆರು ವಾರವಾದರೂ ಮಲಗಬೇಕು. ಅಂಗಡಿಯಲ್ಲಿ ಸಿಗುವ ಹಲವು ಪಟ್ಟಿಗಳು ಕೈಯನ್ನು ಹಿಂದಕ್ಕೆ ಬಾಗಿಸಿ ಹಿಡಿಯುತ್ತವೆ. ಬೇಕಾದುದು ಮಣಿಕಟ್ಟನ್ನು ನೇರವಾಗಿ ಹಿಡಿಯುವಂಥದು, ಏಕೆಂದರೆ ಸುರಂಗದೊಳಗಿನ ಒತ್ತಡ ಆ ಭಂಗಿಯಲ್ಲಿಯೇ ಅತಿ ಕಡಮೆ. ಇದರಿಂದಾಗದಿದ್ದರೆ ಸುರಂಗದೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಕೆಲವು ವಾರ, ಕೆಲವು ತಿಂಗಳು ಚೆನ್ನಾಗಿರುತ್ತದೆ, ಅನೇಕರಿಗೆ ಮರಳಿ ಬರುತ್ತದೆ. ಮಧುಮೇಹಿಗಳಿಗೆ ಕೆಲವು ದಿನ ರಕ್ತದ ಸಕ್ಕರೆ ಏರಬಹುದು. ಅಕ್ಕನಿಗೆ ವರ್ಷವಿಡೀ ಕೊಟ್ಟ ವಿಟಮಿನ್‌ಗಳಿಂದ ಒತ್ತಡ ಇಳಿಯುವುದಿಲ್ಲ. ಬಿ6 ಎಂಬುದನ್ನು ಬಹುಕಾಲ ಅತಿಯಾಗಿ ಸೇವಿಸಿದರೆ ಅದರಿಂದಲೇ ನರಗಳು ಕೆಡುತ್ತವೆ.

ಶಸ್ತ್ರಚಿಕಿತ್ಸೆ ಹೊಸತೇನಲ್ಲ. ಮಣಿಕಟ್ಟಿನ ಬಳಿ ಈ ನರ ಒತ್ತಿಹೋಗುವುದನ್ನು ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ 1854ರಲ್ಲಿ ವರ್ಣಿಸಿದರು; ಪಟ್ಟಿಯನ್ನು ಕತ್ತರಿಸಿ ನರಕ್ಕೆ ಬಿಡುಗಡೆ ಕೊಟ್ಟುದನ್ನು ಜೇಮ್ಸ್ ಲಿಯರ್‌ಮಂತ್ 1933ರಲ್ಲಿ ವರದಿ ಮಾಡಿದರು. ಈಗ ಕೈಯ ಆ ಭಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ ಮುಗಿಸುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ಬಹುಪಾಲು ರೋಗಿಗಳು ಅದೇ ದಿನ ಮನೆಗೆ ಮರಳುತ್ತಾರೆ. ಅಂಗೈಯ ಬುಡದಲ್ಲಿ ಸಣ್ಣ ಗಾಯ ಮಾಡಿ ಮಾಡುವುದೊಂದು ಕ್ರಮ, ದೂರದರ್ಶಕದಂತಹ ಸಣ್ಣ ನಳಿಕೆ ಹಾಕಿ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು. ಕೊನೆಯ ಫಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮೊಣಕೈಯಲ್ಲಿ ನರದ ಮೇಲಿನ ಬಿಗಿಯನ್ನು ಬಿಡಿಸುವುದಷ್ಟೇ ಸಾಮಾನ್ಯವಾಗಿ ಸಾಕು. ನರವನ್ನು ಎತ್ತಿ ಮುಂದಿನ ಬದಿಗೆ ಸ್ಥಳಾಂತರಿಸುವ ದೊಡ್ಡ ಕ್ರಮವೂ ಇದೆ. ಫಲ ಹೆಚ್ಚೂ ಕಡಮೆ ಒಂದೇ, ಗಾಯದ ತೊಂದರೆ ಮಾತ್ರ ಹೆಚ್ಚು. ನರ ಸ್ಥಾನದಿಂದ ಜಾರುತ್ತಿರುವಂತಹ ಸಂದರ್ಭದಲ್ಲಿ ಅದು ಬೇಕಾಗಬಹುದು. ದೊಡ್ಡ ಕ್ರಮವನ್ನೇ ಸೂಚಿಸಿದರೆ ಕಾರಣ ಕೇಳಿ ತಿಳಿದುಕೊಳ್ಳಿ.

ಇನ್ನು ನಿರ್ಧಾರ. ನೆದರ್‌ಲೆಂಡ್ಸ್‌ನಲ್ಲಿ 176 ಮಂದಿ ಮಣಿಕಟ್ಟಿನ ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ರಾತ್ರಿಯ ಪಟ್ಟಿ ಕೊಟ್ಟು ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇಕಡ 90, ಎರಡನೆಯದರಲ್ಲಿ ಶೇಕಡ 75 ಮಂದಿಗೆ ಗುಣ ಕಂಡಿತ್ತು. ಪಟ್ಟಿ ಕಟ್ಟಿದವರಲ್ಲಿ ಶೇಕಡ 41 ಮಂದಿ ಅಷ್ಟರೊಳಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿದ್ದರು ಎಂಬುದನ್ನು ಮಾತ್ರ ಮರೆಯಬಾರದು. ನನ್ನ ಓದು ಇಷ್ಟು: ಜೋಮು ಬಂದುಹೋಗುತ್ತಿರುವವರು ಪಟ್ಟಿಯಿಂದ ಪ್ರಾರಂಭಿಸಿ ಒಂದೆರಡು ತಿಂಗಳು ನೋಡುವುದರಲ್ಲಿ ನಷ್ಟವಿಲ್ಲ. ಜೋಮು ಇಡೀ ದಿನ ಬಿಡದಿದ್ದರೆ, ಗುಂಡಿ ಹಾಕಲು ಸೂಜಿ ಹಿಡಿಯಲು ಆಗದಿದ್ದರೆ, ಹೆಬ್ಬೆರಳ ದಿಬ್ಬ ತಗ್ಗಿದ್ದರೆ ಅಥವಾ ಕೈಯ ಹಿಂಬದಿಯಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ಕುಳಿ ಬಿದ್ದಿದ್ದರೆ, ಪಟ್ಟಿ ಕಟ್ಟಿ ಕಾಯುವ ಕಾಲ ಕಳೆದಿದೆ. ವಯಸ್ಸಾಯಿತೆಂದು ಬಿಡುವುದೂ ಸರಿಯಲ್ಲ. ಎಪ್ಪತ್ತರಲ್ಲಿಯೂ ರಾತ್ರಿಯ ನಿದ್ರೆ ಬೇಕು.

ಅಪಾಯವೇ ಇಲ್ಲವೇ? ಇದೆ. ಗಾಯ ಕೀವಾಗಬಹುದು; ನರಕ್ಕೆ ಪೆಟ್ಟು ಬೀಳುವುದು ಅಪರೂಪ, ಅಸಂಭವವಲ್ಲ; ಕೆಲವರಿಗೆ ಕೈ ಬಾತು ಬಿಗಿದು ಬಹುಕಾಲ ನೋಯುವುದುಂಟು; ಪಟ್ಟಿ ಪೂರ್ತಿ ಕತ್ತರಿಸದೆ ಉಳಿದರೆ ಫಲ ಸಿಗುವುದಿಲ್ಲ. ಅಂಗೈಯ ಎರಡು ಬದಿಯ ದಿಬ್ಬಗಳಲ್ಲಿ ಊರಿದಾಗ ನೋಯುವುದು ಸಾಮಾನ್ಯ, ಅದಕ್ಕೆ ಕೆಲವು ತಿಂಗಳು ಹಿಡಿಯುತ್ತದೆ. ಎರಡೂ ಕೈಗೆ ತೊಂದರೆ ಇರುವವರು ಒಂದೇ ದಿನ ಎರಡನ್ನೂ ಮಾಡಿಸುವ ಮೊದಲು ಯೋಚಿಸಬೇಕು. ಊಟದ ಕೈಯೂ ಶೌಚದ ಕೈಯೂ ಒಟ್ಟಿಗೆ ಕಟ್ಟಿಕೊಂಡರೆ ಗತಿಯೇನು! ಗಡಿಯ ನಮಗೆ ಇನ್ನೊಂದು ಎಚ್ಚರಿಕೆ ಬೇಕು. ಪರೀಕ್ಷೆ ಕಾಸರಗೋಡಿನಲ್ಲಿ, ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ ಎಂದಾದರೆ ಕಾಗದಪತ್ರಗಳೆಲ್ಲ ಒಂದೇ ಚೀಲದಲ್ಲಿರಲಿ. ಕೇರಳದ ಆರೋಗ್ಯ ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಆ ಆಸ್ಪತ್ರೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಅಕ್ಕನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ. ಕರಿಹಲಗೆಯ ಮುಂದೆ ನಿಂತು ಅಭ್ಯಾಸವಾದವನಾದರೂ ಅವಳೆದುರಿಗೆ ಪಾಠ ನಡೆಯುವುದಿಲ್ಲ. ಒಂದು ತುಂಡು ಹಾಳೆಯನ್ನು ತೊಟ್ಟಿಯಂತೆ ಮಡಚಿ, ಒಳಗೆ ಒಂಬತ್ತು ಬಿಳಿ ದಾರವೂ ಒಂದು ಕೆಂಪು ದಾರವೂ ಇಟ್ಟು, ಮೇಲೆ ಬಾಳೆನಾರು ಬಿಗಿದು ತೋರಿಸಿದೆ. ನಾರನ್ನು ಮಾತ್ರ ಕತ್ತರಿಸಿದೆ. ಕೆಂಪು ದಾರವನ್ನು ಅವಳೇ ಎಳೆದು ನೋಡಿದಳು. ಆಮೇಲೆ ಭಾವನ ಕಡೆ ತಿರುಗಿ, "ಅಡಿಕೆ ಮಾರಿದ ಹಣ ಎಷ್ಟು ಉಂಟು?" ಎಂದು ಕೇಳಿದಳು.

ಹನ್ನೆರಡನೆಯ ದಿನ ಹೊಲಿಗೆ ತೆಗೆದರು. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕೆಂದು ಹೇಳಿದ್ದರು, ಆಡಿಸಿದಳು. ಭಾರ ಎತ್ತಬಾರದೆಂದದ್ದನ್ನು ಮಾತ್ರ ಎರಡು ವಾರಕ್ಕೇ ಮುರಿದು ಬೈಸಿಕೊಂಡಳು. ರಾತ್ರಿಯ ನಿದ್ರೆ ಮೊದಲ ವಾರವೇ ಮರಳಿತು. ಬೆರಳ ತುದಿಯ ಸ್ಪರ್ಶ ಏಳೆಂಟು ತಿಂಗಳಲ್ಲಿ ಬಹಳಷ್ಟು ಬಂತು, ಪೂರ್ತಿ ಬರಲಿಲ್ಲ. ಹೆಬ್ಬೆರಳ ದಿಬ್ಬ ತುಂಬಲಿಲ್ಲ, ತುಂಬುವುದೂ ಇಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಈಗ ಮಲ್ಲಿಗೆ ಕಟ್ಟುತ್ತಾಳೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾಳೆ. ಕಳೆದ ಮಳೆಗಾಲದಲ್ಲಿ ಎಡಗೈಗೂ ರಾತ್ರಿ ಜೋಮು ಸುರುವಾಯಿತು. ಎರಡನೆಯ ವಾರದಲ್ಲಿ ಅವಳೇ ಬಸ್ಸು ಹತ್ತಿ ವೈದ್ಯರಲ್ಲಿಗೆ ಹೋಗಿ ಬಂದಳು, ನಮಗೆ ತಿಳಿದದ್ದು ಆಮೇಲೆ. ಪಟ್ಟಿ ಕಟ್ಟಿಕೊಂಡು ಮಲಗುತ್ತಿದ್ದಾಳೆ, ಸದ್ಯಕ್ಕೆ ಅಷ್ಟೇ ಸಾಕಾಗಿದೆ.